ಹತ್ತನೆಯ ಗುಳಿಗೆ

ಆಪಾ ಅವರ ಬಲಗಣ್ಣಿನ ಸುತ್ತ ಯಾವಾಗಲೂ ಒಂದು ದುಂಡನೆಯ ಗುರುತು ಇರುತ್ತಿತ್ತು. ಬಳೆಯನ್ನು ಒತ್ತಿ ತೆಗೆದಂಥ ಗುರುತು. ಅವರ ಲ್ಯಾಬಿನಲ್ಲಿದ್ದದ್ದು ಒಂದೇ ಕಣ್ಣಿನಿಂದ ನೋಡುವ ಹಳೆಯ ಸೂಕ್ಷ್ಮದರ್ಶಕ. ಅದರ ಕೊಳವೆಗೆ ಕಣ್ಣು ಒತ್ತಿ ಒತ್ತಿ ಬಂದದ್ದು. ಮುಂಜಾನೆ ತಿಳಿಯಾಗಿರುತ್ತಿತ್ತು, ಮಧ್ಯಾಹ್ನಕ್ಕೆ ಕೆಂಪಾಗುತ್ತಿತ್ತು, ಸಂಜೆಗೆ ಕಂದು. ಅದನ್ನು ನೋಡಿಯೇ ಅವತ್ತು ಎಷ್ಟು ಕೆಲಸ ಬಂದಿತ್ತು ಎಂದು ಹೇಳಬಹುದಿತ್ತು. ಎರಡು ಕಣ್ಣಿನ ಹೊಸ ಯಂತ್ರ ಬಂದಾವಲ್ಲ, ತಗೊಳ್ಳಿ, ನಾನು ಮಾತಾಡಿ ರೇಟು ಇಳಿಸಿ ಕೊಡಿಸುತ್ತೇನೆ ಎಂದು ಒಮ್ಮೆ ಹೇಳಿದೆ.

"ಒಂದು ಕಣ್ಣು ಸಾಕ್ರಿ. ಇನ್ನೊಂದು ನಿಮ್ಮಂಥವರನ್ನ ನೋಡ್ಲಾಕ ಬೇಕಾಗತದ" ಎಂದರು.

ನಾನು ಕಮಲಾಪುರದ ಬಾಳೆಹಣ್ಣಿನ ವ್ಯಾಪಾರಿ. ಹುಮನಾಬಾದ ರಸ್ತೆಯಲ್ಲಿ ಬಸ್ಸು ನಿಂತ ಕಡೆ ಬುಟ್ಟಿ ಹೊತ್ತು ಓಡಿ, ಕಿಟಕಿಯೊಳಗೆ ಕೆಂಪು ಬಾಳೆಹಣ್ಣು ಚಾಚಿ ಮಾರಿದವನು. ಈಗ ಸುತ್ತಲಿನ ತೋಟಗಳ ಗೊನೆಗಳನ್ನು ಗಿಡದ ಮೇಲೆಯೇ ಖರೀದಿ ಮಾಡುತ್ತೇನೆ. ಯಾರೂ ಕೈ ಹಿಡಿದು ಕಲಿಸಲಿಲ್ಲ. ಮೊದಲು ಹೇಳಿದ ರೇಟಿಗೆ ಒಪ್ಪಬಾರದು, ಮಾತು ಮುಗಿದ ಮೇಲೆ ಕೊಸರು ಕೇಳದೆ ಏಳಬಾರದು, ಇಷ್ಟೇ ನನ್ನ ವಿದ್ಯೆ. ಹತ್ತು ಗೊನೆ ತಗೊಂಡರೆ ಮೇಲೆ ಒಂದು ಚಿಪ್ಪು ಪುಕ್ಕಟೆ. ನಮ್ಮ ಕಡೆ ಕೊಡುವವನೂ ಅದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ, ತಗೊಳ್ಳುವವನಿಗೂ ವ್ಯವಹಾರ ಪೂರಾ ಆಯಿತು ಅನಿಸುತ್ತದೆ. ಇದನ್ನು ಯಾಕೆ ಹೇಳುತ್ತೇನೆಂದರೆ, ನಾನು ಮಾಡಿದ ತಪ್ಪು ಈ ಕೊಸರಿನಿಂದಲೇ ಹುಟ್ಟಿದ್ದು.

ನನ್ನ ಹೆಂಡತಿಗೆ ರಕ್ತದ ಕ್ಯಾನ್ಸರ್ ಆಯಿತು. ಹೈದರಾಬಾದಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಅವಳ ತಮ್ಮನ ಮೂಳೆಮಜ್ಜೆಯ ಕಣ ತೆಗೆದು ಅವಳಿಗೆ ಹಾಕಿದರು. ಹಾಕುವುದು ಅಂದರೆ ಕೊಯ್ಯುವುದಲ್ಲ. ರಕ್ತ ಕೊಡುವ ಹಾಗೆ ಒಂದು ಚೀಲ, ಒಂದು ನಳಿಕೆ, ಅಷ್ಟೇ. ಅದಕ್ಕೂ ಮೊದಲು ಅವಳ ಸ್ವಂತ ಮಜ್ಜೆಯನ್ನು ಔಷಧಿಯಿಂದ ಪೂರ್ತಿ ಸುಟ್ಟಿರುತ್ತಾರೆ. ತಮ್ಮನ ಕಣಗಳು ಅವಳ ಮೂಳೆಯೊಳಗೆ ನೆಲೆಯೂರಿ ಹೊಸ ರಕ್ತ ಮಾಡುವ ತನಕ ಕಾಯಬೇಕು. ಕಾಯುವುದು ಅಂದರೆ ಒಂದು ಅಂಕಿಗಾಗಿ ಕಾಯುವುದು. ಬಿಳಿ ರಕ್ತಕಣಗಳಲ್ಲಿ ಸೋಂಕಿನ ಜೊತೆ ಹೊಡೆದಾಡುವ ಒಂದು ಜಾತಿ ಇದೆ. ಅವು ಐನೂರು ದಾಟಬೇಕು. ದಾಟಿದರೆ ಉಸಿರು ಬಿಡಬಹುದು. ಇಲ್ಲದಿದ್ದರೆ ಪಕ್ಕದವರು ಸೀನಿದರೂ ಹೆದರಿಕೆ.

ಆಸ್ಪತ್ರೆಯ ಆ ದಿನಗಳಲ್ಲಿ ನನ್ನೊಳಗೆ ಏನೋ ಮರಗಟ್ಟಿತು. ಹಲ್ಲು ಕೀಳುವ ಮೊದಲು ಸೂಜಿ ಹಾಕುತ್ತಾರಲ್ಲ, ಆಮೇಲೆ ದವಡೆ ಇರುತ್ತದೆ, ಆದರೆ ನಮ್ಮದಲ್ಲ ಅನಿಸುತ್ತದೆ. ಹಾಗೆ. ಅತ್ತವರನ್ನು ನೋಡಿದೆ, ದೇವರಿಗೆ ಹರಕೆ ಹೊತ್ತವರನ್ನು ನೋಡಿದೆ. ನಾನು ಅವಳನ್ನು ಇಟ್ಟಿದ್ದ ಗಾಜಿನ ರೂಮಿನ ಹೊರಗೆ ಕೂತು ಅಂಕಿ ಬರೆದುಕೊಂಡೆ.

ಅಂಕಿ ಐನೂರು ದಾಟಿದ ಮೇಲೆ ಮನೆಗೆ ಕಳಿಸಿದರು. ಕಮಲಾಪುರದ ಧೂಳಿನಲ್ಲಿ, ಹಣ್ಣಿನ ಗೋದಾಮಿನ ಪಕ್ಕದಲ್ಲಿ ಇಟ್ಟುಕೊಳ್ಳಬೇಡಿ ಎಂದರು ಡಾಕ್ಟರು. ಅದಕ್ಕೆ ಕಲಬುರಗಿಯ ಕುಸನೂರಿನಲ್ಲಿ ಮಹಡಿಯ ಮೇಲೆ ಒಂದು ರೂಮು, ಮುಂದೆ ವರಾಂಡಾ, ಇಷ್ಟನ್ನು ಬಾಡಿಗೆಗೆ ಹಿಡಿದೆ. ದಿನ ಬಿಟ್ಟು ದಿನ ರಕ್ತ ಪರೀಕ್ಷೆ ಮಾಡಿಸಿ ವರದಿ ಕಳಿಸಬೇಕಿತ್ತು. ವಿಚಾರಿಸಿ ವಿಚಾರಿಸಿ ಕೋಟೆ ಹತ್ತಿರದ ಓಣಿಯಲ್ಲಿದ್ದ ಆಪಾ ಅವರ ಲ್ಯಾಬಿಗೆ ಹೋದೆ. ನಿಮಗೂ ಇಂಥ ಪ್ರಸಂಗ ಬಂದರೆ ಒಂದು ಮಾತು ಕೇಳಿ: ಬೋರ್ಡು ದೊಡ್ಡದಿದೆಯೇ ಎಂದು ನೋಡಬೇಡಿ. ಯಂತ್ರ ಕೊಟ್ಟ ಅಂಕಿಯನ್ನು ಯಾರಾದರೂ ಕಣ್ಣಿನಿಂದ ನೋಡಿ ಖಾತ್ರಿ ಮಾಡುತ್ತಾರೆಯೇ ಕೇಳಿ. ಮತ್ತೆ ಲ್ಯಾಬು ಬದಲಿಸಬೇಡಿ. ಇವತ್ತು ಒಂದು ತಕ್ಕಡಿ, ನಾಳೆ ಒಂದು ತಕ್ಕಡಿ ಆದರೆ ಏರಿತೋ ಇಳಿಯಿತೋ ತಿಳಿಯುವುದಿಲ್ಲ.

ಓಣಿಯವರೆಲ್ಲ ಆಪಾ, ಅಂದರೆ ಅಕ್ಕ, ಎಂದೇ ಕರೆಯುತ್ತಿದ್ದ ಅವರು ಆಗ ಐವತ್ತೈದು ದಾಟಿದವರು. ಕೆಲಸ ಶುರು ಮಾಡಿದ್ದು ಯಾವುದೋ ಆಸ್ಪತ್ರೆಯಲ್ಲಿ ಶೀಷೆ ತೊಳೆಯುವುದರಿಂದ. ಬುರ್ಖಾದ ಮೇಲೆ ಬಿಳಿ ಕೋಟು ಹಾಕಿಕೊಂಡು, ಸ್ಕೂಟಿಯ ಮುಂದೆ ಔಷಧಿ ಡಬ್ಬಿ ಇಟ್ಟುಕೊಂಡು, ಮುಂಜಾನೆ ಏಳಕ್ಕೆ ಸರಿಯಾಗಿ ಬರುತ್ತಿದ್ದರು. ರೋಗಿಯನ್ನು ಗದ್ದಲದ ಲ್ಯಾಬಿಗೆ ಕರೆದುಕೊಂಡು ಬರಬೇಡಿ, ನಾನೇ ಬರುತ್ತೇನೆ ಎಂದು ಮೊದಲ ದಿನವೇ ಹೇಳಿದ್ದರು. ಮನೆಯವರ ಜೊತೆ ಫೋನಿನಲ್ಲಿ ದಖ್ಖನಿ ಉರ್ದು, ನಮ್ಮ ಜೊತೆ ನಮಗಿಂತ ಚಲೋ ಕನ್ನಡ.

ಅವರಿಗೆ ಎಲ್ಲವನ್ನೂ ಎಣಿಸುವ ಚಟ. ಮೂವತ್ತು ವರ್ಷ ಗಾಜಿನ ಪಟ್ಟಿಯ ಮೇಲೆ ಕಣ ಎಣಿಸಿದವರು, ಹೊರಗೆ ಬಂದರೂ ನಿಲ್ಲುತ್ತಿರಲಿಲ್ಲ. ನಮ್ಮ ಮಹಡಿಗೆ ಹದಿನೇಳು ಮೆಟ್ಟಿಲು ಎಂದು ನನಗೆ ಗೊತ್ತಾದದ್ದು ಅವರಿಂದ. ಹೆಂಡತಿಗೆ ಇದು ದೊಡ್ಡ ತಮಾಷೆ. ಒಂದು ದಿನ ತಲೆಯ ಮೇಲಿನ ಟೋಪಿ ತೆಗೆದು ಕೇಳಿದಳು:

"ಆಪಾ, ನನ್ನ ಕೂದಲ ಎಷ್ಟ್ ಬಂದಾವ ಎಣಸ್ರಿ ನೋಡೂನು."

ಆಪಾ ಬಗ್ಗಿ ನಿಜವಾಗಿಯೂ ಎಣಿಸಿದರು. "ಮೂವತ್ತೊಂದು. ಒಂದು ಬೆಳ್ಳಗ ಅದ, ಅದನ್ನೂ ಹಿಡದು."

"ಬೆಳ್ಳಂದು ಬಿಡ್ರಿ, ಅದು ಇವರ ಕಾಟಕ್ಕ ಬಂದದ್ದು" ಎಂದು ನನ್ನ ಕಡೆ ಗದ್ದ ತೋರಿಸಿದಳು. ಇಬ್ಬರೂ ನಕ್ಕರು. ನಾನೂ ನಕ್ಕಿರಬೇಕು.

ಮೂರನೇ ವಾರ ಜ್ವರ ಬಂತು. ಕಾರಿನ ಹಿಂದಿನ ಸೀಟಿನಲ್ಲಿ ಅವಳು ಹಲ್ಲು ಕಟಕಟ ಎನ್ನುತ್ತ ನಡುಗುತ್ತಿದ್ದಳು, ಹೈದರಾಬಾದು ಬರಲೇ ಒಲ್ಲದು. ಆ ದಾರಿಯ ಒಂದೊಂದು ಗುಂಡಿಯೂ ನನಗೆ ನೆನಪಿದೆ. ಅಲ್ಲಿ ಅಂಕಿ ಮತ್ತೆ ಕುಸಿದಿತ್ತು. ಡ್ರಿಪ್ಪಿನಲ್ಲಿ ಜಬರದಸ್ತ್ ಆಂಟಿಬಯೋಟಿಕ್ ಕೊಟ್ಟರು. ಜ್ವರ ಇಳಿಯಿತು. ಕಳಿಸುವಾಗ ಡಾಕ್ಟರು ಅದೇ ಥರದ ಗುಳಿಗೆ ಐದು ದಿನಕ್ಕೆ ಬರೆದುಕೊಟ್ಟು, ಪೆನ್ನಿನಿಂದ ಗೆರೆ ಎಳೆದು ಹೇಳಿದರು: "ಐದೇ ದಿನ. ಆರನೇ ದಿನ ಇಲ್ಲ. ಜ್ವರ ಇದ್ದಾಗ ಇದು ಜೀವ ಉಳಿಸುತ್ತದೆ. ಹೋದ ಮೇಲೂ ನುಂಗಿಸಿದರೆ ಕರುಳಿನಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾಗಳೂ ಸಾಯುತ್ತವೆ. ಅವು ಇಲ್ಲದಿದ್ದರೆ ಹೊಸ ರಕ್ತಕಣ ಏಳುವುದು ನಿಧಾನ ಆಗಬಹುದು."

ಸರಿ ಸಾರ್ ಎಂದೆ. ವ್ಯಾಪಾರದಲ್ಲಿ ನಾನು ಸರಿ ಎಂದರೆ ಮಾತು ಮುಗಿಯಿತು ಎಂದು ಅರ್ಥ, ಒಪ್ಪಿದೆ ಎಂದಲ್ಲ.

ಕುಸನೂರಿಗೆ ಮರಳಿದ ಮೇಲೆ ಅಂಕಿ ಏರತೊಡಗಿತು. ಐದನೆಯ ದಿನ ನಾನೂರ ಎಂಬತ್ತು. ಐನೂರಾದರೆ ಮುಖಕ್ಕೆ ಮಾಸ್ಕ್ ಹಾಕಿಕೊಂಡು ಹೊರಗಿನ ವರಾಂಡಾದಲ್ಲಿ ಕೂರಬಹುದು ಎಂದು ಡಾಕ್ಟರು ಹೇಳಿದ್ದರು. ಅವಳು ಎರಡು ದಿನದಿಂದ ಅದನ್ನೇ ಜಪಿಸುತ್ತಿದ್ದಳು. ನಾನು ಲ್ಯಾಬಿಗೆ ಹೋಗಿ ಆಪಾ ಮುಂದೆ ಕೂತೆ.

"ಆಪಾ, ಇಪ್ಪತ್ತರ ಮಾತು. ಐನೂರ ಅಂತ ಬರೀರಿ. ಆಕಿ ಖುಷಿ ಆಗ್ತಾಳ."

ಅವರು ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯಲಿಲ್ಲ. "ಎರಡು ಪಟ್ಟಿ ಎಣಿಸೀನ್ರಿ. ನಾನೂರ ಎಂಬತ್ತ."

"ಹತ್ತ ಇತ್ತಿತ್ತ, ಹತ್ತ ಅತ್ತತ್ತ. ನಾಳಿಗಿ ಹೆಂಗಿದ್ರೂ ದಾಟತದ."

"ನಾ ಬರದದ್ದು ಆಕಿ ಮೈಯಾಗ ಇರಬೇಕಲ್ರಿ. ನನ್ನ ಹಾಳ್ಯಾಗ ಐನೂರ ಇದ್ದು, ಆಕಿ ಮೈಯಾಗ ಇಲ್ಲಂದ್ರ ಆ ಇಪ್ಪತ್ತ ಯಾರು ಕೊಡೋರು, ನೀವಾ?"

ನನ್ನ ಜೀವನದಲ್ಲಿ ಅಷ್ಟು ಸಣ್ಣ ಸೌದಾ ಮುರಿದದ್ದು ಅದೇ ಮೊದಲು. ಆದರೆ ಮರುದಿನ ಮಧ್ಯಾಹ್ನ ಅವರೇ ಬಂದರು. ರಕ್ತ ತೆಗೆಯುವ ದಿನ ಅಲ್ಲ. ವರಾಂಡಾದಲ್ಲಿ ಸ್ಟೂಲು ಹಾಕಿಕೊಂಡು, ಮುಚ್ಚಿದ ಕಿಟಕಿಯ ಗಾಜಿನ ಆಚೆ ಕೂತು, ರಸ್ತೆಯಲ್ಲಿ ಏನೇನು ಹೋಯಿತು ಎಂದು ಒಳಗಿದ್ದ ಅವಳಿಗೆ ವರದಿ ಒಪ್ಪಿಸಿದರು. ಆಟೋ ಇಷ್ಟು, ಯೂನಿವರ್ಸಿಟಿ ಬಸ್ಸು ಇಷ್ಟು, ಜಗಳಾಡುತ್ತ ಹೋದ ಗಂಡ ಹೆಂಡತಿ ಒಂದು ಜೋಡಿ. "ಯಾರ್ ಗೆದ್ರು?" ಎಂದು ಅವಳು ಒಳಗಿಂದ ಕೂಗಿದಳು. "ಆಕಿ ಮುಂದ ನಡದಿದ್ಲು, ಅಂವ ಚೀಲ ಹಿಡಕೊಂಡು ಹಿಂದ" ಎಂದು ಆಪಾ ಗಾಜಿಗೆ ಬಾಯಿ ಇಟ್ಟು ಹೇಳಿದರು.

ಐದು ದಿನದ ಗುಳಿಗೆ ಮುಗಿದಿದ್ದವು. ಆರನೆಯ ದಿನದ ಮುಂಜಾನೆ ನಾನು ಔಷಧಿ ಅಂಗಡಿಗೆ ಹೋಗಿ, ಹಳೆಯ ಚೀಟಿಯ ಐದು ಎನ್ನುವುದನ್ನು ಹೆಬ್ಬೆರಳಿನಿಂದ ಮುಚ್ಚಿ ತೋರಿಸಿ, ಇನ್ನಷ್ಟು ತಂದೆ. ಯಾಕೆ ಎಂದರೆ ಆ ಕಾರು, ಆ ಹಲ್ಲಿನ ಸದ್ದು. ಮತ್ತೊಂದು ಸಲ ಆ ದಾರಿಯಲ್ಲಿ ಹೋಗಲು ನನ್ನಿಂದ ಆಗುತ್ತಿರಲಿಲ್ಲ. ಐದು ದಿನಕ್ಕೇ ಜ್ವರ ನಿಂತಿದೆ ಎಂದರೆ, ಮೇಲೆ ನಾಲ್ಕು ದಿನ ಕೊಟ್ಟರೆ ಗಟ್ಟಿ ಆಗುತ್ತದೆ. ಡಾಕ್ಟರು ಅಂದದ್ದು ಅಸಲು, ನನ್ನದು ಕೊಸರು. ಹೀಗೆ ಲೆಕ್ಕ ಹಾಕಿದೆ. ನಾಲ್ಕು ಹೋಗಿ ಹನ್ನೊಂದು ದಿನವಾಯಿತು. ಮುಂಜಾನೆ ಒಂದು, ಸಂಜೆ ಒಂದು. ಯಾರಿಗೂ ಹೇಳಲಿಲ್ಲ. ಅವಳಿಗೂ ಇಲ್ಲ.

ಅಂಕಿ ಐನೂರು ದಾಟಲಿಲ್ಲ. ನಾನೂರ ಮೂವತ್ತಕ್ಕೆ ಬಂತು. ಮುನ್ನೂರಾಯಿತು. ಇನ್ನೂರ ಹತ್ತಾಯಿತು. ಜ್ವರ ಇಲ್ಲ, ಬೇರೆ ಸೋಂಕೂ ಸಿಗಲಿಲ್ಲ. ತಮ್ಮನ ಕಣಗಳು ಹಿಡಿದಿಲ್ಲ ಎಂದು ಕಾಣುತ್ತದೆ ಎಂದರು ಹೈದರಾಬಾದಿನ ಡಾಕ್ಟರು. ಮುಂದಿನ ಸೋಮವಾರ ತಮ್ಮನನ್ನು ಮತ್ತೆ ಕರೆತನ್ನಿ, ಎರಡನೇ ಸಲ ಕಣ ತೆಗೆದು ಅವಳಿಗೆ ಹಾಕೋಣ, ಆದರೆ ಈ ಸಲ ಅವಳ ದೇಹ ತಡೆದೀತು ಎಂದು ಮಾತು ಕೊಡಲಾರೆ ಎಂದರು. ಅವಳು ಅದನ್ನು ಕೇಳಿ ಗೋಡೆಯ ಕಡೆ ತಿರುಗಿ ಮಲಗಿದಳು. ಗೋಡೆಗೆ ಮುಖ ಮಾಡಿಯೇ "ಮತ್ತ ಆ ಗಾಜಿನ ಖೋಲ್ಯಾಗ ನಾ ಹೋಗಂಗಿಲ್ಲ" ಎಂದಳು. ನಾನು ಸೋಮವಾರಕ್ಕೆ ಕಾರು ಹೇಳಿದೆ. ಅವತ್ತೂ ಗುಳಿಗೆ ಕೊಟ್ಟೆ.

ಶನಿವಾರ ಮುಂಜಾನೆ ಆಪಾ ಬಂದರು. ರಕ್ತ ತೆಗೆದ ಜಾಗ ಬೇಗ ಕಟ್ಟಿಕೊಳ್ಳುತ್ತಿರಲಿಲ್ಲ. ಐದು ನಿಮಿಷ ಹತ್ತಿ ಒತ್ತಿ ಹಿಡಿಯಬೇಕಿತ್ತು. ಹಾಗೆ ಹಿಡಿದುಕೊಂಡು ಕೂತಿದ್ದರು. ಮಿಕ್ಕ ದಿನ ಅವರು ಹೋದ ಮೇಲೆ ಗುಳಿಗೆ ತೆಗೆಯುತ್ತಿದ್ದೆ; ಅವತ್ತು ಮರೆತು ಪಕ್ಕದ ಮೇಜಿನ ಮೇಲೆ ಸ್ಟೀಲಿನ ವಾಟಿಯಲ್ಲಿ ಅವಳ ಮುಂಜಾನೆಯ ಗುಳಿಗೆಗಳನ್ನು ಹಾಕಿಟ್ಟಿದ್ದೆ. ಗೋಡೆಯ ಮೇಲೆ ಆಸ್ಪತ್ರೆಯವರು ಕೊಟ್ಟ, ಯಾವ ಹೊತ್ತಿಗೆ ಎಷ್ಟು ಗುಳಿಗೆ ಎನ್ನುವ ಪಟ್ಟಿ ಅಂಟಿಸಿತ್ತು. ಆಪಾ ಅವರ ಕಣ್ಣು ವಾಟಿಗೆ ಹೋಯಿತು, ಗೋಡೆಗೆ ಹೋಯಿತು, ಮತ್ತೆ ವಾಟಿಗೆ ಬಂತು.

"ಹತ್ತ ಅವ" ಎಂದರು.

"ಏನ್ರಿ?"

"ವಾಟ್ಯಾಗ ಹತ್ತ ಗುಳಗಿ ಅವ. ಗ್ವಾಡಿ ಮ್ಯಾಲ ಮುಂಜಾನಿಗಿ ಒಂಬತ್ತ ಬರದದ."

"ಅದಾ... ಸತ್ವದ ಗುಳಗಿ ಆಪಾ. ಅಶಕ್ತ ಆಗ್ಯಾಳಲ್ಲ."

"ಹೆಸರೇನು ಅದರದು?"

"ಹೆಸರು ನೆನಪಿಲ್ರಿ. ಯಾರೋ ಕೊಟ್ರು."

"ಯಾರು?"

"ಅಂಗಡ್ಯಾಂವ."

"ಎಷ್ಟ ದಿನ ಆತು?"

"ಎರಡ ದಿನ. ಮೂರ ಇರಬೇಕು."

ರೇಟು ಇಳಿಸಿದ ಹಾಗೆ ಒಂದೊಂದೇ ಸುಳ್ಳು ಇಳಿಸುತ್ತಿದ್ದೆ. ಆಪಾ ಹತ್ತಿಯಿಂದ ಕೈ ತೆಗೆಯದೆ, ಇನ್ನೊಂದು ಕೈ ಚಾಚಿದರು. "ಆ ಗುಳಗಿ ಇದ್ದ ಪಟ್ಟಿ ತರ್ರಿ. ಇಲ್ಲಂದ್ರ ಇಕಿನ್ನ ಬಿಟ್ಟು ನಾ ಏಳಬೇಕಾಗತದ." ನನ್ನ ದಿಂಬಿನ ಕೆಳಗಿನಿಂದ ತೆಗೆದು ಕೊಟ್ಟೆ. ಪಟ್ಟಿಯ ಖಾಲಿ ಗೂಡುಗಳನ್ನು ಎಣಿಸಿದರು. ಹನ್ನೊಂದು ದಿನದ್ದು ಎಂದು ಅವರಿಗೆ ನಾನು ಹೇಳಬೇಕಾಗಲಿಲ್ಲ.

ಹೆಂಡತಿ ನನ್ನನ್ನು ನೋಡಿದಳು. ಬೈಯುತ್ತಾಳೆ ಎಂದುಕೊಂಡೆ. ಅವಳು ಆಪಾ ಕಡೆ ತಿರುಗಿ, "ಇವರಿಗಿ ಕೊಸರ ಇಲ್ಲಂದ್ರ ಯಾವ್ದೂ ಸೇರಂಗಿಲ್ರಿ ಆಪಾ. ಲಗ್ನದಾಗ ನಮ್ಮಪ್ಪಗ ಹೆಣ್ಣಿನ ಜೋಡಿ ಎಮ್ಮಿ ಕೇಳಿದ್ರು" ಎಂದಳು. ಯಾರೂ ನಗಲಿಲ್ಲ.

"ಡಾಕ್ಟರಿಗಿ ಫೋನ್ ಹಚ್ರಿ" ಎಂದರು ಆಪಾ.

"ಸಂಜಿಗಿ ಹಚ್ತೀನ್ರಿ. ಈಗ ಅವರು..."

"ಈಗ. ನೀವು ಹೇಳ್ತೀರೋ, ನಾ ಹೇಳ್ಲೋ?"

ನಾನೇ ಹೇಳಿದೆ. ಎಷ್ಟು ದಿನ, ದಿನಕ್ಕೆ ಎಷ್ಟು ಎಂದು ಮೊದಲು ಕೇಳಿಕೊಂಡರು. ಆಮೇಲೆ ಡಾಕ್ಟರು, "ಅದನ್ನು ಈಗಲೇ ನಿಲ್ಲಿಸಿ. ಸೋಮವಾರ ಬರಬೇಡಿ. ಜ್ವರ ಬಂದರೆ ಮಾತ್ರ ಆ ಕ್ಷಣ ಹೊರಡಿ. ಬರದಿದ್ದರೆ ಹತ್ತು ದಿನ ನೋಡೋಣ" ಎಂದರು. ಬೈದರೆ ಹಗುರಾಗುತ್ತಿತ್ತೇನೋ. ಬೈಯಲಿಲ್ಲ.

ನನಗೆ ಇದು ಗೊತ್ತಿಲ್ಲದ ವಿಷಯ ಅಲ್ಲ. ತೋಟಕ್ಕೆ ಹೆಚ್ಚು ಔಷಧಿ ಹೊಡೆದು ಮಣ್ಣಿನ ಹುಳ ಎಲ್ಲ ಸತ್ತರೆ ಬಾಳೆಯ ಬುಡದಲ್ಲಿ ಕಂದು, ಅಂದರೆ ಮರಿಗಿಡ, ಏಳುವುದಿಲ್ಲ, ಎದ್ದರೂ ಮುರುಟಿರುತ್ತದೆ. ಅಂಥ ತೋಟದ ಗೊನೆಯನ್ನು ನಾನು ಮುಟ್ಟುವುದಿಲ್ಲ. ಊರವರಿಗೆಲ್ಲ ಬುದ್ಧಿ ಹೇಳುತ್ತೇನೆ. ನಿಮಗೂ ಹೇಳುತ್ತೇನೆ: ಡಾಕ್ಟರು ನಿಲ್ಲಿಸು ಎಂದ ದಿನ ನಿಲ್ಲಿಸಿ, ಕೊಡು ಎಂದಷ್ಟು ದಿನ ಬಿಡದೆ ಕೊಡಿ. ಎರಡರಲ್ಲಿ ಒಂದನ್ನೂ ಚೌಕಾಸಿ ಮಾಡಬೇಡಿ. ಹೆದರಿಕೆ ಆದರೆ ಹೆದರಿಕೆ ಆಗಿದೆ ಎಂದು ಬಾಯಿ ಬಿಟ್ಟು ಹೇಳಿ. ನಾನು ಅದೊಂದು ಬಿಟ್ಟು ಮಿಕ್ಕಿದ್ದೆಲ್ಲ ಮಾಡಿದೆ.

ಆಮೇಲಿನ ಹತ್ತು ದಿನ ಆಪಾ ದಿನಾಲೂ ಬಂದರು. ಬಂದ ಕೂಡಲೇ ವಾಟಿ ನೋಡುತ್ತಿದ್ದರು. ಬೆನ್ನ ಹಿಂದೆ ಅಲ್ಲ, ನನ್ನ ಮುಂದೆಯೇ, ನನಗೆ ಕೇಳುವ ಹಾಗೆ ಎಣಿಸುತ್ತಿದ್ದರು. ನಂಬಿದ್ದೇನೆ ಎಂದು ನಾಟಕ ಮಾಡಲಿಲ್ಲ. ಅಂಕಿ ನೂರ ತೊಂಬತ್ತು. ಇನ್ನೂರು. ನೂರ ತೊಂಬತ್ತು. ಚಲೋ ಆಗತದ ಎಂದು ಒಂದು ದಿನವಾದರೂ ಹೇಳಿ ಆಪಾ ಎಂದು ಹೆಂಡತಿ ಬೇಡಿದಳು. "ಕಂಡ ಮ್ಯಾಲ ಹೇಳ್ತೀನಿ" ಎಂದು ಅವಳ ಅಂಗೈಯನ್ನು ತಮ್ಮ ಎರಡು ಕೈಯಲ್ಲಿ ಇಟ್ಟುಕೊಂಡು ಕೂತರು. ಎಷ್ಟು ಹೊತ್ತು ಎಂದು ನಾನು ನೋಡಲಿಲ್ಲ.

ಒಂಬತ್ತನೆಯ ದಿನ ಫೋನು ಬಂತು. "ಲ್ಯಾಬಿಗಿ ಬರ್ರಿ." ಹೋದೆ. ತಮ್ಮ ಸ್ಟೂಲು ಬಿಟ್ಟುಕೊಟ್ಟು, ನೋಡ್ರಿ ಎಂದರು. ಕೊಳವೆಗೆ ಕಣ್ಣಿಟ್ಟೆ. ತಿಳಿಗುಲಾಬಿ ಬಯಲು, ಅಲ್ಲೊಂದು ಇಲ್ಲೊಂದು ನೇರಳೆ ಬಣ್ಣದ ಚುಕ್ಕೆ. ಒಂದು ಚುಕ್ಕೆ ಕುದುರೆಲಾಳದ ಹಾಗೆ ಬಾಗಿತ್ತು.

"ಬಾಗಿದ್ದು ಕಂಡ್ತಿಲ್ಲೋ? ಅದು ಎಳೀದು. ಈಗಷ್ಟೇ ಮೂಳಿ ಬಿಟ್ಟು ಹೊರಗ ಬಂದದ. ನಿನ್ನಿ ಒಂದೂ ಇರ್ಲಿಲ್ಲ. ಇವತ್ತ ಎಂಟ ಸಿಕ್ಕಾವ."

ಹೂಂ ಎಂದೆ. ಸಂತೋಷ ಆಗಬೇಕಿತ್ತು. ಬರುತ್ತದೆ ಎಂದು ಕೊಳವೆಗೆ ಕಣ್ಣಿಟ್ಟುಕೊಂಡೇ ಕಾದೆ. ಬರಲಿಲ್ಲ. ಎದ್ದು, ವರದಿ ತಗೊಂಡು, ಹೊರಗೆ ಆಟೋದವನ ಜೊತೆ ರೂಢಿಯಂತೆ ಬಾಡಿಗೆ ಜಗ್ಗಿ ಕುಸನೂರಿಗೆ ಹೋದೆ. ಅವಳಿಗೆ ಹೇಳಿದಾಗ ಅವಳು ಎರಡು ಕೈಯಿಂದ ಮುಖ ಮುಚ್ಚಿಕೊಂಡಳು. ಮುಂದಿನ ವಾರ ಅಂಕಿ ಐನೂರು ದಾಟಿತು, ಆಮೇಲೆ ಸಾವಿರ. ಅವಳ ತಮ್ಮನನ್ನು ಮತ್ತೆ ಕರೆಯುವ ಮಾತು ಬರಲಿಲ್ಲ. ಆ ಗಾಜಿನ ರೂಮಿಗೆ ಅವಳು ಹೋಗಲಿಲ್ಲ. ನಾವು ಕಮಲಾಪುರಕ್ಕೆ ಬಂದೆವು.

ಹದಿನಾಲ್ಕು ತಿಂಗಳು ಅವಳು ತನ್ನ ಮನೆಯಲ್ಲಿ ನಡೆದಾಡಿದಳು. ರೊಟ್ಟಿ ಬಡಿದಳು, ಗೋದಾಮಿಗೆ ಬಂದು ನನ್ನ ಗಿರಾಕಿಗಳ ಮುಂದೆ ನನ್ನ ಮರ್ಯಾದೆ ತೆಗೆದಳು. ಆಮೇಲೆ ಮೊದಲಿನ ಕಾಯಿಲೆಯೇ ತಿರುಗಿ ಬಂತು. ಈ ಸಲ ಏಳು ವಾರಕ್ಕೆ ಹೋಗಿಬಿಟ್ಟಳು.

ಅವಳ ದಿನಕರ್ಮ ಮುಗಿದ ಮೇಲೆ ಒಂದು ಮಧ್ಯಾಹ್ನ ಆಪಾ ಬಸ್ಸಿನಲ್ಲಿ ಕಮಲಾಪುರಕ್ಕೆ ಬಂದರು. ಮನೆ ತುಂಬ ಜನ. ಬಂದವರೆಲ್ಲ ಒಂದೇ ಮಾತು ಹೇಳಿ ಹೋಗುತ್ತಿದ್ದರು: ನಿನ್ನ ತಪ್ಪಿಲ್ಲ, ನೀನು ಮಾಡುವಷ್ಟು ಮಾಡಿದಿ. ನಾನು ನಲವತ್ತು ವರ್ಷ ಮಾತು ಕೊಂಡು ಮಾರಿದವನು. ಯಾವ ಮಾತಿನಲ್ಲಿ ಎಷ್ಟು ಕಳೆಯಬೇಕು ಎಂದು ಗೊತ್ತು. ಇವುಗಳಲ್ಲಿ ಕಳೆದರೆ ಏನೂ ಉಳಿಯುತ್ತಿರಲಿಲ್ಲ. ಆಪಾ ಅವರನ್ನು ಹಿತ್ತಲ ಕಡೆ ಕರೆದುಕೊಂಡು ಹೋಗಿ ಕೇಳಿದೆ.

"ಆ ಹನ್ನೊಂದ ದಿನ, ಆಪಾ. ಅದರಿಂದಾನೇ ಆತೇನು?"

ಅವರು ತಿರುಗಿ ನನ್ನ ಮುಖ ನೋಡಿದರು.

"ಹೌದು ಅಂದ್ರ ಹೌದು ಅನ್ರಿ. ನಾ ಹೊತ್ಕೊಂಡು ಹೋಗ್ತೀನಿ. ಇಲ್ಲ ಅಂದ್ರ ಒಂದ ದಿನ ಮಲಗ್ತೀನಿ. ನಿದ್ದಿಲ್ಲ ನನಗ."

"ಗೊತ್ತಿಲ್ರಿ."

"ನಿಮಗ ಗೊತ್ತಿಲ್ಲಂದ್ರ ಯಾರಿಗಿ ಗೊತ್ತು?"

"ನಿಮಗ ನಿದ್ದಿ ಬರ್ಲಿ ಅಂತ ನಾ ಇಲ್ಲ ಅನ್ನಂಗಿಲ್ಲ. ನಿಮಗ ಶಿಕ್ಷಾ ಆಗ್ಲಿ ಅಂತ ಹೌದೂ ಅನ್ನಂಗಿಲ್ಲ. ನಿಲ್ಲಿಸಿದ ಮ್ಯಾಲ ಆಕಿ ಕಣ ಬಂದ್ವು, ನಾ ನೋಡೀನಿ. ಆ ರಕ್ತದ ಮ್ಯಾಲ ಆಕಿ ಈ ಅಂಗಳದಾಗ ಅಡ್ಡಾಡ್ಯಾಳ, ಅದನ್ನ ನೀವು ನೋಡೀರಿ. ಅದರ ಮುಂದಿಂದು ಡಾಕ್ಟರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ."

ಹೈದರಾಬಾದಿನ ಡಾಕ್ಟರು, ಅವಳ ತಮ್ಮ, ಊರ ಹಿರಿಯರು, ಎಲ್ಲರೂ ನನಗೆ ಏನಾದರೂ ಕೊಡಲು ನೋಡಿದ್ದರು. ಆಪಾ ಏನೂ ಕೊಡಲಿಲ್ಲ. ಆದರೆ ಆ ಗೊತ್ತಿಲ್ಲ ಎನ್ನುವುದರ ಮೇಲೆ ನನ್ನಿಂದ ನಿಲ್ಲಲು ಆಯಿತು, ಇವತ್ತಿನವರೆಗೂ ಅದರ ಮೇಲೆಯೇ ನಿಂತಿದ್ದೇನೆ. ಇದಕ್ಕೆ ಅವರಿಗೆ ಏನು ಹೇಳಬೇಕು ಎಂದು ಅವತ್ತೂ ತಿಳಿಯಲಿಲ್ಲ, ಈಗಲೂ ತಿಳಿದಿಲ್ಲ.

ಕಲಬುರಗಿ ಬಸ್ಸು ಎಷ್ಟಕ್ಕೆ ಎಂದು ಕೇಳಿದರು. ಸ್ಟ್ಯಾಂಡಿನವರೆಗೆ ನಡೆದು ಹೋದೆವು. ಬಸ್ಸು ಬಂತು, ಹತ್ತಿದರು, ಹೋಯಿತು. ನಾನು ಮನೆಗೆ ಬಂದು, ಜನ ಇನ್ನೂ ಪಡಸಾಲೆಯಲ್ಲಿ ಕೂತು ಚಹಾ ಕುಡಿಯುತ್ತಿರುವಾಗಲೇ, ಒಳಗೆ ಹೋಗಿ ಬರೀ ನೆಲದ ಮೇಲೆ ಮಲಗಿದೆ. ನಿದ್ದೆ ಬಂತು.